ಹಳ್ಳದ ಬಾಗಿಗೆ ಎಳೆದ ನೇರ ಗೆರೆ

ಸಂಶೋಧನೆಗೆಂದು ಇಲ್ಲಿಗೆ ಬಂದ ಮೊದಲ ವಾರ ನನ್ನನ್ನು ವಿಶ್ವವಿದ್ಯಾಲಯದ ಒಂದು ಕೋಣೆಯೊಳಗೆ ಕರೆದೊಯ್ದರು. ಗೋಡೆಗೂ ಚಾವಣಿಗೂ ಕಪ್ಪು ಸ್ಪಂಜಿನ ಮೊನಚು ಗೂಟಗಳು. ರೇಡಿಯೋ ಅಲೆ ಗೋಡೆಗೆ ತಾಗಿ ಹಿಂದಿರುಗಬಾರದೆಂದು ಹಾಗೆ ಮಾಡಿದ್ದಂತೆ. ಮಾತಾಡಿದೆ, ನನ್ನ ದನಿ ಬಾಯಿಯ ಮುಂದೆಯೇ ಸತ್ತುಹೋಯಿತು. ನಮ್ಮ ಶಿವನಿ ಸ್ಟೇಷನ್ನಿನಲ್ಲಿ ಕೆಮ್ಮಿದರೂ ನಿಂತ ಗೂಡ್ಸ್ ಡಬ್ಬಿಗಳು ಉತ್ತರ ಕೊಡುತ್ತವೆ.

ಇದು ಪಶ್ಚಿಮ ಜರ್ಮನಿಯ ದಕ್ಷಿಣದ ಒಂದು ಊರು. ಮೂರನೆಯ ಮಹಡಿಯಲ್ಲಿ ಬಾಡಿಗೆ ಕೋಣೆ. ಇಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿಯಿದೆ, ಗುಡಿಸುವ ವಾರ ಅಂತ. ಯಾರ ಬಾಗಿಲಿಗೆ ಹಲಗೆ ತೂಗುಹಾಕುತ್ತಾರೋ ಆ ವಾರ ಮೆಟ್ಟಿಲನ್ನೆಲ್ಲ ಅವರೇ ಗುಡಿಸಬೇಕು. ನಮ್ಮಲ್ಲಿ ಅವರವರ ಬಾಗಿಲ ಮುಂದೆ ಸಾರಿಸಿ ರಂಗೋಲಿ ಹಾಕಿದರೆ ಮುಗಿಯಿತು. ಮೊದಲ ಸಲ ನಾನು ಮೆಟ್ಟಿಲ ನಡುವನ್ನಷ್ಟೇ ಗುಡಿಸಿ ಬಂದೆ. ಮನೆಯೊಡತಿ ಮೂಲೆಗೆ ಬೆರಳಿಟ್ಟು, ಧೂಳು ತೋರಿಸಿ ಹೋದಳು. ಈಗ ಮೂಲೆಯಿಂದಲೇ ಶುರುಮಾಡುತ್ತೇನೆ; ನೋಡಿ ತಲೆಯಾಡಿಸುತ್ತಾಳೆ. ಇಲ್ಲಿ ನಾನು ಗೆದ್ದದ್ದು ಸದ್ಯಕ್ಕೆ ಅಷ್ಟೇ.

ನನ್ನ ಓದೂ ಮೂಲೆಗಳದ್ದೇ. ವಿದ್ಯುತ್ಕಾಂತೀಯ ಅಲೆ ಲೋಹಕ್ಕೆ ಬಡಿದು ಹೇಗೆ ಚದುರುತ್ತದೆಂದು ತಿಳಿಯಲು ಸುತ್ತಲ ಜಾಗವನ್ನು ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕುತ್ತೇವೆ. ಆ ಹೆಣಿಗೆಗೆ ಇಲ್ಲಿಯವರು 'ನೆಟ್ಸ್', ಬಲೆ, ಎನ್ನುತ್ತಾರೆ. ಎಲ್ಲ ಕಡೆ ಸಣ್ಣ ತ್ರಿಕೋನ ಹಾಕಿದರೆ ಕಂಪ್ಯೂಟರು ತಡೆಯದು. ಹಾಗಾಗಿ ಮೊದಲು ದೊಡ್ಡವನ್ನು ಹಾಕಿ, ಯಾವುದರಲ್ಲಿ ತಪ್ಪು ಹೆಚ್ಚಿರಬಹುದೆಂದು ಅಂದಾಜು ಮಾಡಿ, ಅವನ್ನು ಮಾತ್ರ ಒಡೆಯುವುದು. ಮತ್ತೆ ಲೆಕ್ಕ, ಮತ್ತೆ ಒಡೆಯುವುದು. ಅಂಚು, ಬಾಗುಗಳಿಗೆ ತ್ರಿಕೋನಗಳು ಇರುವೆಗಳಂತೆ ಮುತ್ತುತ್ತವೆ.

ಒಂದು ದಿನ ಚಿತ್ರ ಬರೆಯುವ ಯಂತ್ರ ಅಂಥ ಬಲೆಯೊಂದನ್ನು ಕಾಗದದ ಮೇಲೆ ಬರೆಯುತ್ತಿತ್ತು. ನೋಡುತ್ತಿದ್ದಂತೆ ಅದು ನಮ್ಮ ಹೊಲದ ಹಳ್ಳದಂಚಿನ ಹಾಗೆ ಕಂಡಿತು.

ಬಿಎಸ್ಸಿ ಮುಗಿಸಿ ಊರಿಗೆ ಬಂದಿದ್ದ ವರ್ಷ ಅಪ್ಪನಿಗೂ, ತೀರಿಹೋದ ಚಿಕ್ಕಪ್ಪನ ಹೆಂಡತಿ ರುದ್ರಮ್ಮನಿಗೂ ಹೊಲ ಪಾಲಾಯಿತು. ಸರ್ವೆಯವರು ಬರುವ ಮೊದಲು ಮನೆಯವರೇ ಅಳೆದು ಒಪ್ಪಿಕೊಳ್ಳುವುದು ನಮ್ಮಲ್ಲಿ ರೂಢಿ. ಸರಪಳಿ ಹಿಡಿದು ಹೊಲವನ್ನು ತ್ರಿಕೋನಗಳಾಗಿ ಒಡೆದವಳು ನಾನು. ಹಳ್ಳದ ಕಡೆಯದು ಅಪ್ಪನ ಪಾಲು. ಅಲ್ಲಿ ನೆಲ ಹೊಟ್ಟೆಯಂತೆ ಹೊರಕ್ಕೆ ಉಬ್ಬಿತ್ತು. ನಾನು ಒಂದೇ ನೇರ ಗೆರೆ ಎಳೆದೆ.

"ಅಲ್ಲಿ ಬಾಗೈತೆ ಕಣವ್ವ, ಒಂದ್ಸಲ ನಡ್ಕೊಂಡ್ ಹೋಗಿ ನೋಡು," ಎಂದಳು ಚಿಕ್ಕಮ್ಮ.

"ಬಿಎಸ್ಸಿ ಓದ್ದೋಳಿಗೇ ಲೆಕ್ಕ ಹೇಳ್ಕೊಡ್ತೀಯೇನಮ್ಮ?" ಎಂದು ಅಪ್ಪ ನಕ್ಕರು. ನಾನೂ ನಕ್ಕೆ.

ಬಿಸಿಲು ಏರಿತ್ತು, ದಣಿದಿದ್ದೆ ಎಂದು ನನ್ನ ಡೈರಿಯಲ್ಲಿದೆ. ಅದನ್ನು ನಂಬಲಾರೆ, ಬರೆದವಳು ನಾನೇ. ಅಪ್ಪನ ಮುಖ ನೋಡಿ ಬಾಗನ್ನು ಬಿಟ್ಟೆನೋ ಏನೋ. ಗೆರೆಯಾಚೆಯ ನೆಲ ಅಳತೆಗೆ ಸೇರದೆ ಅಪ್ಪನಿಗೆ ಉಳಿಯಿತು. ಬೇಸಿಗೆಯಲ್ಲಿ ಚಿಕ್ಕಮ್ಮನ ಎಮ್ಮೆ ಮೇಯುತ್ತಿದ್ದದ್ದು ಅಲ್ಲೇ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಬಾಗಿನುದ್ದಕ್ಕೂ ಸಣ್ಣ ಸಣ್ಣ ತ್ರಿಕೋನ ಹಾಕಿ ಅಳೆದೆ. ಎಂಟು ಗುಂಟೆ, ಅರ್ಧ ಅವಳದು. ಹೊಸ ನಕ್ಷೆಯನ್ನು ಅಪ್ಪ ಪಂಚಾಂಗದೊಳಗೆ ಮಡಿಸಿಟ್ಟು ಊಟಕ್ಕೆ ಕರೆದರು. ಚಿಕ್ಕಮ್ಮನ ಮನೆಗೆ ಹೋಗಿ, ಅವತ್ತು ತಪ್ಪಾಯಿತು, ನನಗೆ ಗೊತ್ತಾಗಲಿಲ್ಲ ಎಂದೆ. ಹುಲ್ಲಿನ ಹೊರೆ ಕಟ್ಟುತ್ತಿದ್ದವಳು ತಲೆಯೆತ್ತಲಿಲ್ಲ.

"ಗೊತ್ತಾಗ್ಲಿಲ್ವಾ? ನೀನು ಗೊತ್ತಿದ್ದೇ ಸುಮ್ನಾದೆ ಅಂದ್ಕೊಂಡು ನಾನೂ ಸುಮ್ನಾದೆ ಕಣವ್ವ."

ಈ ಬರಹ ಅಚ್ಚಾಗುವ ಪತ್ರಿಕೆ ನಮ್ಮೂರ ವಾಚನಾಲಯಕ್ಕೂ ಬರುತ್ತದೆ. ಅಪ್ಪ ದಿನವೂ ಅಲ್ಲಿ ಕೂರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಆ ಗೆರೆ ಎಳೆದವಳು ನಾನು, ಅದು ತಪ್ಪು, ಬಾಗಿನ ಅರ್ಧ ರುದ್ರಮ್ಮನದು. ಓದಿದವರು ಅವಳಿಗೂ ಓದಿ ಹೇಳಿ.

ಇನ್ನು ಅಪ್ಪನ ಮನೆ ಎಷ್ಟು ನನ್ನದಾಗಿ ಉಳಿಯುತ್ತದೋ ತಿಳಿಯದು. ಇಲ್ಲಿ, ನನ್ನದಲ್ಲದ ಮನೆಯಲ್ಲಿ, ಬಾಗಿಲಿಗೆ ಹಲಗೆ ಬಂದಿದೆ. ಈ ವಾರ ಸರದಿ ನನ್ನದು.