ಟವೆಲಿನ ಕೆಳಗೆ ಒಂದು ಬೆರಳು

ಬೇಗೂರಿನ ನಮ್ಮ ಜಗುಲಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ನನ್ನ ಜೊತೆ ಇಸ್ಪೀಟು ಆಡುತ್ತಿದ್ದರು. ಮೂರೆಲೆ ಆಟ. ಪಣಕ್ಕೆ ಹುಣಸೆ ಬೀಜ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂತ ಅವ್ವ ಗೊಣಗಿದರೆ ಅಪ್ಪನ ಕಿವಿಗೇ ಬೀಳುತ್ತಿರಲಿಲ್ಲ. ಆ ಮಧ್ಯಾಹ್ನಗಳಿಗಾಗಿ ಈಗಲೂ ಜೀವ ಹಂಬಲಿಸುತ್ತದೆ.

ಅಪ್ಪ ಎತ್ತಿನ ದಲ್ಲಾಳಿ. ಸಂತೆಮರಹಳ್ಳಿ ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದೇ ಬೆಲೆ ಕುದುರಿಸುವವರು. ಬಾಯಲ್ಲಿ ಮಳೆ ಬೆಳೆಯ ಮಾತು, ಮುಖದಲ್ಲಿ ಏನೂ ಇಲ್ಲ. ಇಸ್ಪೀಟು ಹಿಡಿದಾಗಲೂ ಅದೇ ಮುಖ.

"ಎಲೆ ಕೆಟ್ಟದಾಗಿದ್ರೆ ಮಡಗ್ಬುಡು ಕಣಮ್ಮಿ. ಆಕಿದ್ ಬೀಜ ಓಯ್ತದಲ್ಲ ಅಂತ ಇನ್ನೂ ಆಕ್ಬ್ಯಾಡ," ಅನ್ನುತ್ತಿದ್ದರು.

ನಾನೋ ಹಟಮಾರಿ, ಹಾಕುತ್ತಲೇ ಇರುತ್ತಿದ್ದೆ. ಕೆಟ್ಟ ಎಲೆ ಇಟ್ಟುಕೊಂಡು ಒಳ್ಳೆಯದು ಬಂದಂತೆ ನಟಿಸುವಾಗ ನನ್ನ ಕೈ ಜಡೆಯ ತುದಿಗೆ ಹೋಗುತ್ತದೆಂದು ಅಪ್ಪನೇ ಹೇಳಿ ನಗುತ್ತಿದ್ದರು. ಅಷ್ಟು ಸಾಕು, ಬೀಜವೆಲ್ಲ ಅಪ್ಪನ ಕಡೆಗೆ.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ಬಸ್ಸಿನಲ್ಲಿ ಗುಂಡ್ಲುಪೇಟೆಯ ಹೈಸ್ಕೂಲಿಗೆ ಹೋಗುತ್ತಿದ್ದೆ. ಓದು ಮುಗಿಸಿ ಟೀಚರಾಗಬೇಕೆಂದು ಆಸೆಯೋ ಆಸೆ. ಅಷ್ಟರಲ್ಲಿ ಚಾಮರಾಜನಗರದಿಂದ ಹೆಣ್ಣು ನೋಡಲು ಬಂದರು. ಒಳ್ಳೆಯ ಮನೆತನ, ಈಗಲೇ ಉತ್ತರ ಬೇಕೆಂದು ಕೂತರು. ಅಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೆಗಲ ಮೇಲಿನ ಟವೆಲನ್ನು ನಮ್ಮಿಬ್ಬರ ಕೈಮೇಲೆ ಎಳೆದುಕೊಂಡರು.

"ಒಂದು ಬೆರಳಾದ್ರೆ ಒಪ್ಗೆ, ಎರಡಾದ್ರೆ ಬ್ಯಾಡ ಅಂತ," ಎಂದು ಕಿವಿಯಲ್ಲಿ ಉಸುರಿದರು.

ಅವರ ಮುಖ ನೋಡಿದೆ. ಕಣ್ಣಂಚಿನಲ್ಲಿ ಆಸೆ ಕಂಡಂತಾಯಿತು. ಇದೊಂದು ಸಲ ಅಪ್ಪನ ಎಲೆ ನನಗೆ ಗೊತ್ತಾಯಿತು ಅಂದುಕೊಂಡೆ. ಎಡಗೈ ಜಡೆಯ ಹತ್ತಿರ ಸುಳಿಯದಂತೆ ತೊಡೆಯ ಕೆಳಗೆ ಅದುಮಿಟ್ಟು, ಅವರ ಅಂಗೈಗೆ ಒಂದೇ ಬೆರಳು ಒತ್ತಿದೆ.

ಮದುವೆಯಾಯಿತು. ಗಂಡ ಕೆಟ್ಟವರೇನಲ್ಲ, ಸುಳ್ಳು ಹೇಳಬಾರದು. ಓದು ಮಾತ್ರ ಅಲ್ಲಿಗೇ ನಿಂತಿತು.

ಮೊದಲ ದೀಪಾವಳಿಗೆ ತವರಿಗೆ ಹೋದಾಗ ಅಪ್ಪ ಅದೇ ಜಗುಲಿಯಲ್ಲಿ ಎಲೆ ಹಂಚಿದರು. ನನ್ನ ಪುಸ್ತಕಗಳು ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವರು ಕಂಡರು.

"ಓದ್ಬೇಕು ಅಂತಿತ್ತಾ ಮಗಾ?"

"ಊಂ ಕಣಪ್ಪ. ನಿಂಗಿಷ್ಟ ಅಂತ ಒಪ್ಕಂಡೆ."

ಅಪ್ಪ ಎಲೆ ಕೆಳಗಿಟ್ಟರು. "ಎರಡು ಬೆರಳು ಬರ್ಲಿ ಅಂತ್ಲೇ ಕಾಯ್ತಿದ್ದೆ ಕಣಮ್ಮಿ. ನಿನ್ ಕೈ ಜಡೆಗೋಗ್ಲಿಲ್ವಲ್ಲ, ನಿಜ ಅಂತ ನಂಬ್ಬುಟ್ಟೆ."

ಅಪ್ಪನೆದುರು ನಾನು ಗೆದ್ದದ್ದು ಟವೆಲಿನ ಕೆಳಗಿನ ಆ ಒಂದೇ ಆಟ. ಅವರು ಹೋಗಿ ಎಷ್ಟೋ ವರ್ಷವಾಯಿತು. ಇನ್ನೊಂದು ಮಧ್ಯಾಹ್ನ ಅವರೆದುರು ಕೂತು, ಜಡೆ ಹಿಡಿದುಕೊಂಡು, ಸೋಲಬೇಕು ಅನಿಸುತ್ತದೆ.