ಯಾಕಮ್ಮನೂ ಮೂರನೇ ತಂತಿಯೂ

ಆಕೆಯ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಡೀ ಬೀದಿಗೆ ಆಕೆ ಯಾಕಮ್ಮ. ಡಾಕ್ಟರು ಮಾತ್ರೆಯನ್ನು ಊಟವಾದ ಮೇಲೆ ತಗೊಳ್ಳಿ ಅಂದರೆ ಯಾಕೆ ಅನ್ನುವರು. ಬಸ್ಸಿನ ಕಂಡಕ್ಟರು ಒಳಗೆ ಹೋಗಿ ಅಂದರೂ ಯಾಕೆ ಅನ್ನುವರು. ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೆ. ಏಳನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರಿಗೆ, ಸ್ವಿಚ್ ಆರಿಸಿದಾಗ ಕರೆಂಟು ಎಲ್ಲಿರುತ್ತದೆ ಎಂದು ಕೇಳಿ ಒಂದು ಪೀರಿಯಡ್ ಪೂರ್ತಿ ಬಾಗಿಲ ಹೊರಗೆ ನಿಂತವರು. ಹೊರಗೆ ನಿಂತಾಗಲೂ ಯೋಚಿಸಿದ್ದು ಅದನ್ನೇ ಅಂತೆ.

ಗಂಡ ತೀರಿಕೊಂಡಾಗ ಮಗಳಿಗೆ ಆರು ವರ್ಷ. ಮೂರು ಮಹಡಿಯ ಹಳೇ ಕಟ್ಟಡದ ನಡುವಿನ ಮಹಡಿಯಲ್ಲಿ, ರಸ್ತೆ ಕಾಣುವ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಯಾಕಮ್ಮ ಬಾಳು ಕಟ್ಟಿದರು. ಆಕೆ ಹೊಲಿದ ಕುಪ್ಪಸ ಮೈಗೆ ಅಂಟಿದಂತೆ ಕೂರುತ್ತಿತ್ತು. ಹೆಂಗಸರು ಪ್ರಶ್ನೆಗಳನ್ನೂ ಸಹಿಸಿಕೊಂಡು ಅಲ್ಲಿಗೇ ಬರುತ್ತಿದ್ದರು.

ಮಗಳು ದೊಡ್ಡವಳಾಗಿ ದಂತವೈದ್ಯರೊಬ್ಬರ ಬಳಿ ಕೆಲಸಕ್ಕೆ ಸೇರಿದಳು. ಆಮೇಲೆ, ಆ ಕಟ್ಟಡಕ್ಕೆ ಹೊಸದಾಗಿ ವೈರಿಂಗ್ ಮಾಡಲು ಬಂದಿದ್ದ ಹುಡುಗನನ್ನೇ ಮದುವೆಯಾಗಿ ಪಕ್ಕದ ಬೀದಿಗೆ ಹೋದಳು. ಹೀಗೆ ಯಾಕಮ್ಮನಿಗೆ ಅಳಿಯನಾಗಿ ಸಿಕ್ಕವನು ವೈರ್‌ಮನ್. ಪ್ರಶ್ನೆ ಕೇಳುವವರ ಮನೆಗೆ ಉತ್ತರವೇ ಅಳಿಯನಾಗಿ ಬಂತಲ್ಲ ಎಂದು ಬೀದಿಯವರು ನಕ್ಕರು. ಅಳಿಯ ಮಾತ್ರ ನಗಲಿಲ್ಲ. ಬಲ್ಬು ಹೇಗೆ ಹಾಕಬೇಕೆಂಬುದು ಅವನಿಗೆ ಗೊತ್ತಿತ್ತು, ಅದು ಯಾಕೆ ಉರಿಯುತ್ತದೆ ಎಂದು ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮದುವೆಯಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ, ಯಾಕಮ್ಮನ ಮೊಣಕಾಲು ನೋಯುತ್ತದೆಂದು ಮಗಳು ಹೊಲಿಗೆ ಯಂತ್ರಕ್ಕೆ ಒಂದು ಮೋಟರು ಕೊಡಿಸಿದಳು. ತುಳಿಯುವ ಕಷ್ಟ ತಪ್ಪಿತು. ಆದರೆ ಮೂರನೇ ತಿಂಗಳಿಗೆ ಯಂತ್ರ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಇರುವೆ ಸಾಲು ಮೊಣಕೈಯವರೆಗೆ ಓಡಿದಂತೆ. ಬಟ್ಟೆ ಕೊಡಲು ಬಂದ ಹೆಂಗಸರು ಮುಟ್ಟಿ ನೋಡಿ ಏನೂ ಇಲ್ಲವಲ್ಲ ಅಂದರು. ಮಗಳೂ ಮುಟ್ಟಿ, ವಯಸ್ಸಾಯ್ತು, ನರದ ತೊಂದರೆ ಇರಬಹುದು ಅಂದಳು. ಯಾಕಮ್ಮ ಎಲ್ಲರ ಕಾಲು ನೋಡಿದರು. ಎಲ್ಲರೂ ಚಪ್ಪಲಿ ಮೆಟ್ಟಿದ್ದರು. ಆಕೆ ಮಾತ್ರ ಬರಿಗಾಲು. ನೆಲ ಒರೆಸಿದ ದಿನ ಜುಮ್ಮೆನ್ನುವುದು ಜಾಸ್ತಿ ಎಂಬುದನ್ನೂ ಆಕೆ ಗಮನಿಸಿದ್ದರು.

ಅಳಿಯನನ್ನು ಕರೆಸಿದರು. ಅವನು ಟೆಸ್ಟರನ್ನು ಯಂತ್ರಕ್ಕೆ ತಾಗಿಸಿದ. ಟೆಸ್ಟರಿನ ಹೊಟ್ಟೆಯೊಳಗಿನ ಪುಟ್ಟ ದೀಪ ಕೆಂಪಗೆ ಮಿನುಗಿತು. ಸ್ವಲ್ಪ ಲೀಕ್ ಇದೆ, ಬಿಡುವಾದಾಗ ನೋಡ್ತೀನಿ, ಅಲ್ಲೀವರೆಗೆ ಚಪ್ಪಲಿ ಹಾಕಿಕೊಂಡು ಹೊಲೀರಿ ಎಂದು ಚೀಲ ಹೆಗಲಿಗೇರಿಸಿದ. ಕಿಟಕಿಯಾಚೆ ಕಂಬದಿಂದ ಕಂಬಕ್ಕೆ ಹಾದ ತಂತಿಯ ಮೇಲೆ ಎರಡು ಪಾರಿವಾಳ ಕೂತಿದ್ದವು.

“ನನಗೆ ಚಪ್ಪಲಿ ಹಾಕ್ಕೊಳ್ಳಿ ಅಂತೀರಿ. ಅವು ಬರಿಗಾಲಲ್ಲೇ ಕೂತಿವೆಯಲ್ಲ, ಅಳಿಯಂದ್ರೇ?”

ಅಳಿಯ ಇಂಗು ತಿಂದ ಮಂಗನಂತೆ ನಿಂತ. ಹಕ್ಕಿಯ ಕಾಲು ಬೇರೆ, ನಮ್ಮ ಕಾಲು ಬೇರೆ ಎಂದೇನೋ ತೊದಲಿದ. ಹೇಗೆ ಬೇರೆ ಎಂದು ಯಾಕಮ್ಮ ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದ.

ಆದರೆ ಆ ಪ್ರಶ್ನೆ ಅವನ ಜೊತೆಗೇ ಇಳಿದು ಬಂದಿತ್ತು. ಮನೆಗೆ ಹೋಗಿ ಅಟ್ಟದ ಮೇಲಿದ್ದ ತರಬೇತಿ ಶಾಲೆಯ ಪುಸ್ತಕ ಕೆಳಗಿಳಿಸಿದ. ಅಂದು ಪರೀಕ್ಷೆಗೆಂದು ಬಾಯಿಪಾಠ ಹೊಡೆದಿದ್ದ ಪುಟಗಳನ್ನು ಮೊದಲ ಸಲ ಅರ್ಥಕ್ಕೆಂದು ಓದಿದ. ಹೆಂಡತಿ ಬಂದು ಇಣುಕಿ ನೋಡಿ, ಅಮ್ಮನ ಪ್ರಶ್ನೆನಾ, ಎಂದಷ್ಟೇ ಕೇಳಿ ಹೋದಳು.

ಭಾನುವಾರ ಬೆಳಿಗ್ಗೆ ಬಂದು, ಕೇಳದೆಯೇ ಉತ್ತರ ಒಪ್ಪಿಸಿದ. ಕರೆಂಟಿಗೆ ಹೋಗುವ ದಾರಿ ಇದ್ದರೆ ಸಾಲದು, ಮರಳುವ ದಾರಿಯೂ ಬೇಕು, ಸುತ್ತು ಪೂರ್ತಿಯಾದರೆ ಮಾತ್ರ ಅದು ಹರಿಯುತ್ತದೆ. ಪಾರಿವಾಳದ ಎರಡು ಕಾಲೂ ಒಂದೇ ತಂತಿಯ ಮೇಲಿವೆ. ಅದರ ಮೈಯಿಂದ ಆಚೆಗೆ ದಾರಿಯೇ ಇಲ್ಲ. ಅದಕ್ಕೇ ಅದು ಸುಖವಾಗಿದೆ. ಯಾಕಮ್ಮ ಗುಂಡಿಯ ಕಾಜಾ ಹಾಕುತ್ತಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದರು. ಕೇಳಿದ್ದೆಲ್ಲ ಆಕೆಗೆ ಹಿಡಿಸಿತು. ಹಿಡಿಸಿದ್ದರಿಂದಲೇ ಮುಂದಿನ ಪ್ರಶ್ನೆ ಹುಟ್ಟಿತು.

“ಅಂದ್ರೆ ಯಂತ್ರದಿಂದ ನೆಲಕ್ಕೆ ಹೋಗೋಕೆ ನಾನೇ ದಾರಿ ಆಗಿದ್ದೀನಿ. ಸರಿ. ಪ್ಲಗ್ಗಿಗೆ ಮೂರು ಕಾಲಿದೆಯಲ್ಲ, ಆ ದಪ್ಪ ಕಾಲು ಇರೋದು ಇದಕ್ಕೇ ಅಂತ ನೀವೇ ಹಿಂದೊಮ್ಮೆ ಹೇಳಿದ್ರಿ. ಅದಿದ್ದೂ ಕರೆಂಟಿಗೆ ನಾನ್ಯಾಕೆ ಬೇಕಾದೆ?”

ಅಳಿಯ ಪ್ಲಗ್ಗು ಬಿಚ್ಚಿ, ದಪ್ಪ ಕಾಲಿಗೆ ಸಿಕ್ಕಿಸಿದ ಮೂರನೇ ತಂತಿಯನ್ನು, ಹಸಿರು ಬಣ್ಣದ್ದನ್ನು, ತೋರಿಸಿದ. ಎಲ್ಲ ಮನೆಗಳ ಹಸಿರು ತಂತಿಗಳೂ ಕೆಳಗೆ ಮೀಟರ್ ಬೋರ್ಡಿನಲ್ಲಿ ಕೂಡುತ್ತವೆ, ಅಲ್ಲಿಂದ ಒಂದೇ ತಂತಿಯಾಗಿ ಭೂಮಿಗೆ ಹೋಗುತ್ತವೆ ಎಂದ. ಭೂಮಿಗೆ ಅಂದರೆ ಎಲ್ಲಿಗೆ ಎಂದು ಯಾಕಮ್ಮ ಕೇಳಿದಾಗ, ಭೂಮಿಗೆ ಅಂದರೆ ಭೂಮಿಗೇ ಎಂದು ಸ್ವಲ್ಪ ಜೋರಾಗಿಯೇ ಹೇಳಿ, ಯಾರೋ ಫೋನ್ ಮಾಡಿದರೆಂದು ಹೊರಗೆ ಹೋದ. ಫೋನು ಬಡಿದುಕೊಂಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡರು ಯಾಕಮ್ಮ.

ನೂಲಿನ ತುದಿ ಕಳೆದರೆ ಹುಡುಕಿ ಗೊತ್ತಿದ್ದ ಹೆಂಗಸು ಆಕೆ. ಕನ್ನಡಕ ಹಾಕಿಕೊಂಡು ಕೆಳಗಿಳಿದರು. ಮೆಟ್ಟಿಲ ಕೆಳಗೆ ಆರು ಮೀಟರುಗಳು ಸಾಲಾಗಿ ಗಿರಗಿರ ಎನ್ನುತ್ತಿದ್ದವು. ಅವುಗಳ ಬುಡದಿಂದ ದಪ್ಪನೆಯ ಹಸಿರು ತಂತಿಯೊಂದು ಹೊರಟು, ಗೋಡೆಯ ತೂತಿನಿಂದ ಹಿತ್ತಲಿಗೆ ಹೋಗಿತ್ತು. ಹಿತ್ತಲಿಗೆ ಅಷ್ಟಗಲವೂ ಸಿಮೆಂಟು ಬಳಿದಿತ್ತು. ಅಲ್ಲಿ ಕೆಳಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಪಂಚೆ ಎತ್ತಿಕಟ್ಟಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಹಸಿರು ತಂತಿ ಗೋಡೆಯಿಂದ ಇಳಿದು, ಅವರ ದೊಡ್ಡ ಸಿಮೆಂಟು ಕುಂಡದ ಮಣ್ಣಿನೊಳಗೆ ಹೋಗಿ ಮಾಯವಾಗಿತ್ತು. ಅದರ ಉದ್ದಕ್ಕೂ ಬಳ್ಳಿಯೊಂದು ಸೊಂಪಾಗಿ ಹಬ್ಬಿತ್ತು. ಯಾರೋ ಪುಣ್ಯಾತ್ಮರು ಬಳ್ಳಿಗೆಂದೇ ಕಟ್ಟಿದ ತಂತಿ ಇದು, ಹದಿನೈದು ವರ್ಷವಾದರೂ ತುಕ್ಕು ಹಿಡಿದಿಲ್ಲ ಎಂದು ಮಾಸ್ತರರು ಹೊಗಳಿದರು.

ಯಾಕಮ್ಮ ಕುಂಡವನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿದರು. ಅದು ನಾಲ್ಕು ಇಟ್ಟಿಗೆಗಳ ಮೇಲೆ ಕೂತಿತ್ತು, ನೆಲ ಮುಟ್ಟಿರಲಿಲ್ಲ.

ಅಳಿಯ ಮರಳಿ ಬಂದಾಗ ಕುಂಡ ತೋರಿಸಿದರು. ಅವನು ಬಗ್ಗಿ ಇಟ್ಟಿಗೆಗಳನ್ನು ನೋಡಿದ. ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದ, ಎಂದರೆ ಹೋಲ್ಡರಿಗೆ ಬಲ್ಬು ಸಿಕ್ಕಿಸಿ ಎರಡು ತಂತಿ ಬಿಟ್ಟದ್ದು. ಮೀಟರ್ ಬೋರ್ಡಿನ ಪಕ್ಕದ ಪ್ಲಗ್ಗಿನ ಎರಡು ಸಣ್ಣ ತೂತಿಗೆ ತಂತಿ ಕೊಟ್ಟಾಗ ಬಲ್ಬು ಜಗ್ಗೆಂದು ಹತ್ತಿತು. ಒಂದನ್ನು ತೆಗೆದು ಮೇಲಿನ ದೊಡ್ಡ ತೂತಿಗೆ ಇಟ್ಟ. ಬಲ್ಬು ಕೆಂಪಗೂ ಆಗಲಿಲ್ಲ.

“ನಾನೇ ಹಾಕಿದ್ದು, ಅತ್ತೆ,” ಅಂದ. “ಆಗಷ್ಟೇ ಹಿತ್ತಲಿಗೆ ಸಿಮೆಂಟು ಹಾಕಿಸಿದ್ರು. ಒಡೆಯೋಕೆ ಮಾಲೀಕರು ಬಿಡಲಿಲ್ಲ. ಮಣ್ಣು ತಾನೇ ಬೇಕು, ಕುಂಡದಲ್ಲಿದೆಯಲ್ಲ ಅಂದ್ರು. ವಾರ ಬಿಟ್ಟು ಬಂದು ಸರಿ ಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ನಿಮ್ಮ ಮಗಳು ಮೆಟ್ಟಿಲು ಇಳೀತಿದ್ಲು. ಆಮೇಲೆ ನನ್ನ ಗಮನ ಭೂಮಿ ಮೇಲೇ ಇರಲಿಲ್ಲ.”

ಪೋಸ್ಟ್ ಮಾಸ್ತರರು ನಗು ತಡೆಯಲಾರದೆ ಬೇರೆ ಗಿಡಕ್ಕೆ ನೀರು ಹಾಕಲು ತಿರುಗಿದರು. ಯಾಕಮ್ಮನಿಗೂ ನಗು ಬಂತು. ಆದರೆ ನಗಲಿಲ್ಲ.

“ಆರು ಮನೆ ಇವೆ ಇಲ್ಲಿ,” ಅಂದರು. “ಮೇಲ್ಗಡೆ ಮನೆಯಲ್ಲಿ ಮಗು ಅಂಬೆಗಾಲಿಡ್ತಿದೆ.”

ಅಳಿಯ ತಲೆ ತಗ್ಗಿಸಿದ. ಮೆಟ್ಟಿಲು ಇಳಿದು ಬಂದ ಮಗಳ ವಿಷಯಕ್ಕೆ ಆಕೆ ಅವನನ್ನು ಎಂದೋ ಕ್ಷಮಿಸಿದ್ದರು. ಈ ವಿಷಯಕ್ಕೆ ಕ್ಷಮೆ ಸಿಗಬೇಕಾದರೆ ಹಾರೆ ಹಿಡಿಯಬೇಕೆಂದು ಅವನಿಗೆ ಅರ್ಥವಾಯಿತು.

ಮಾಲೀಕರಿಗೆ ಫೋನು ಮಾಡಿದ್ದು ಯಾಕಮ್ಮನೇ. ಹಿತ್ತಲು ಒಡೆಯಬೇಕು ಅಂದಾಗ ಆತ, ಯಾಕೆ, ಅಂದರು. ಯಾಕಮ್ಮನನ್ನೇ ಯಾಕೆ ಎಂದು ಕೇಳಿದ ಮೊದಲ ಮನುಷ್ಯ ಆತ. ಪಾಪ, ಗೊತ್ತಿರಲಿಲ್ಲ. ಪಾರಿವಾಳದಿಂದ ಶುರುವಾದ ಉತ್ತರ ಅರ್ಧ ಗಂಟೆ ನಡೆಯಿತು. ಕೊನೆಗೆ ಎಲ್ಲಿ ಬೇಕಾದರೂ ಒಡೆಯಿರಿ ತಾಯಿ ಎಂದು ಆತ ಫೋನಿಟ್ಟರು.

ಅಳಿಯ ಎರಡು ದಿನ ಬೇರೆ ಕೆಲಸ ಒಪ್ಪಿಕೊಳ್ಳಲಿಲ್ಲ. ಮೊದಲು ಯಂತ್ರದ ಪ್ಲಗ್ಗು ಕಿತ್ತಿಟ್ಟು, ಆರೂ ಮನೆಯ ಬಾಗಿಲು ತಟ್ಟಿ, ನಾಡಿದ್ದಿನವರೆಗೆ ನೀರು ಕಾಯಿಸುವ, ಬಟ್ಟೆ ಒಗೆಯುವ ಯಂತ್ರಗಳನ್ನು ಹಚ್ಚಬೇಡಿ ಎಂದ. ಯಾಕೆ ಎಂದು ಕೇಳಿದವರಿಗೆಲ್ಲ ತಪ್ಪು ನನ್ನದೇ ಎಂದು ಹೇಳಿದ. ಆಮೇಲೆ ಸಿಮೆಂಟು ಒಡೆದು ಎದೆಯುದ್ದ ಗುಂಡಿ ತೋಡಿದ. ಯಾಕಮ್ಮ ಮಣೆ ತಂದು ಗುಂಡಿಯ ಪಕ್ಕ ಕೂತರು. ಕಬ್ಬಿಣದ ಪೈಪು ನಿಲ್ಲಿಸಿ ಸುತ್ತ ಇದ್ದಿಲು, ಉಪ್ಪು ಸುರಿಯುವಾಗ, ಉಪ್ಪು ಯಾಕೆ ಅಂದರು. ಮಣ್ಣು ಒಣಗಿದರೆ ಕರೆಂಟನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ, ಉಪ್ಪು ಇದ್ದಿಲು ತೇವ ಹಿಡಿದಿಡುತ್ತವೆ ಎಂದ ಅಳಿಯ, ಈ ಸಲ ತಡವರಿಸದೆ. ಮಾಸ್ತರರು ಮಾತ್ರ ಹಳೇ ತಂತಿ ಕೀಳಲು ಬಿಡಲಿಲ್ಲ. ಬಳ್ಳಿ ಹರಿಯುತ್ತದೆ ಎಂದು ಕುಂಡಕ್ಕೆ ಅಡ್ಡ ನಿಂತರು. ಹಳೇ ತಂತಿಯನ್ನು ಗೋಡೆಯ ಬಳಿ ಕತ್ತರಿಸಿ ಬಳ್ಳಿಗೇ ಬಿಟ್ಟುಕೊಟ್ಟು, ಮೀಟರ್ ಬೋರ್ಡಿನಿಂದ ಹೊಸದನ್ನು ಎಳೆದದ್ದಾಯಿತು.

ದೊಡ್ಡ ತೂತಿನಲ್ಲಿ ಬಲ್ಬು ಈಗ ಜಗ್ಗೆಂದು ಹತ್ತಿತು. ಯಾಕಮ್ಮ ತೃಪ್ತಿಯಿಂದ ನೋಡಿ, ದಾರಿ ಮಾಡಿಕೊಟ್ಟದ್ದು ಸರಿ, ಸೋರುತ್ತಿರುವುದು ಯಾಕೆ, ಅಂದರು. ಅಳಿಯ ಮೋಟರು ಬಿಚ್ಚಿದ. ತಂತಿ ಒಳಗೆ ಹೋಗುವ ಕಡೆ ತಗಡಿನ ಅಂಚಿಗೆ ಉಜ್ಜಿ ಅದರ ಮೇಲಿನ ಪ್ಲಾಸ್ಟಿಕ್ಕು ಸವೆದು ಹೋಗಿತ್ತು. ಹೊಸ ತಂತಿ ಹಾಕಿ, ಅಂಚಿಗೆ ರಬ್ಬರಿನ ಬಳೆ ತೊಡಿಸಿದ. ಯಾಕಮ್ಮ ಬೇಕೆಂದೇ ನೆಲ ಒರೆಸಿ, ಅಳಿಯ ಟೆಸ್ಟರು ಹಿಡಿದು ತೋರಿಸಿದ ಮೇಲೆ, ಬರಿಗಾಲಲ್ಲಿ ಕೂತು ಇಡೀ ಕುಪ್ಪಸ ಹೊಲಿದರು. ಒಂದು ಇರುವೆಯೂ ಓಡಲಿಲ್ಲ.

ಅಲ್ಲಿಂದ ಮುಂದೆ ಅಳಿಯನಿಗೆ ಒಂದು ಅಭ್ಯಾಸವಾಯಿತು. ಯಾವ ಹೊಸ ಮನೆಯ ವೈರಿಂಗ್ ಮುಗಿದರೂ, ಬಿಲ್ಲು ಕೊಡುವ ಮೊದಲು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವನು. ಆಕೆ ಕೋಣೆ ಕೋಣೆ ಸುತ್ತಿ ಕೇಳುವರು. ಈ ಸ್ವಿಚ್ಚು ಬಾಗಿಲ ಹಿಂದೆ ಯಾಕೆ? ಈ ಫ್ಯೂಸು ಇಷ್ಟು ದಪ್ಪ ಯಾಕೆ? ಮನೆಯವರು, ಇವರು ದೊಡ್ಡ ಇಂಜಿನಿಯರಾ ಎಂದು ಪಿಸುಗುಟ್ಟಿದರೆ, ಅದಕ್ಕಿಂತ ಒಂದು ಕೈ ಮೇಲೆ ಎನ್ನುವನು.

ಹೋದ ತಿಂಗಳು ಮಗಳ ಮನೆಗೆ ಹೊಸ ಫ್ರಿಜ್ ಬಂತು. ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಆರಿದೆ ಎಂದು ಗೊತ್ತಾಗುವುದು ಹೇಗೆ ಎಂದು ಯಾಕಮ್ಮ ಕೇಳಿದರು. ಅಳಿಯ ಫ್ರಿಜ್ಜಿನ ಬಾಗಿಲು ತೆರೆದ. ಹುಡುಕಿ ನೋಡಿ ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸಂಜೆ ಕೆಲಸ ಮುಗಿಸಿ ಬಂದ ಮಗಳು ನೋಡಿದರೆ, ತರಕಾರಿಯೆಲ್ಲ ನೆಲದ ಮೇಲೆ, ಅಮ್ಮನ ತಲೆ ಫ್ರಿಜ್ಜಿನೊಳಗೆ. ಬಾಗಿಲಿನ ಚೌಕಟ್ಟಿನ ಮೂಲೆಯಲ್ಲಿ ಅಂಗಿಗುಂಡಿಯಷ್ಟು ಸಣ್ಣ ಒತ್ತುಗುಂಡಿ ಸಿಕ್ಕಿತ್ತು. ಯಾಕಮ್ಮ ಬೆರಳಿಂದ ಒತ್ತಿದರು, ದೀಪ ಆರಿತು. ಬಿಟ್ಟರು, ಹತ್ತಿತು. ಮಗಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಬೆರಳು ಹಿಡಿದು ಅದನ್ನು ಒತ್ತಿಸಿದರು.