ಹಗ್ಗದ ಹಾಡಿಗೆ ನಿಂತ ಕಾಲುಗಳು

ನಾಟಕ ಶುರುವಾದರೆ ಎಲ್ಲರೂ ರಂಗದ ಕಡೆ ಮುಖ ಮಾಡುತ್ತಾರೆ. ಮಾಮ ಮಾತ್ರ ರಂಗಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಬಲಗೋಡೆಗೆ ಒತ್ತಿಕೊಂಡು ಅವರದೊಂದು ಗಿಡ್ಡ ಸ್ಟೂಲು. ಅಲ್ಲಿಂದ ನೋಡಿದರೆ, ಏರುತ್ತ ಹೋಗುವ ಆಸನಗಳ ಸಾಲಿನಲ್ಲಿ, ಮೆಟ್ಟಿಲ ಅಂಚಿನ ಪುಟ್ಟ ದೀಪಗಳ ಬೆಳಕಿಗೆ ಕಾಲುಗಳಷ್ಟೇ ಕಾಣುತ್ತವೆ. ಮುಖಗಳೆಲ್ಲ ಕತ್ತಲಲ್ಲಿ. ಮಾಮನಿಗೆ ಮುಖ ಬೇಕಾಗಿಯೂ ಇರಲಿಲ್ಲ.

ಆ ರಂಗಮಂದಿರಕ್ಕೆ ಅವರು ಸೇರಿದ್ದು ಟಾರ್ಚ್ ಹಿಡಿದು ಆಸನ ತೋರಿಸುವವರಾಗಿ. ತಡವಾಗಿ ಬಂದವರ ಮುಂದೆ ಬೆಳಕನ್ನು ನೆಲಕ್ಕೆ ಬಿಟ್ಟುಕೊಂಡು ನಡೆಯಬೇಕು, ಯಾರ ಮುಖಕ್ಕೂ ಅದು ತಾಗಬಾರದು. ಹೀಗೆ ತಲೆ ತಗ್ಗಿಸಿ ನಡೆದೂ ನಡೆದೂ ಅವರಿಗೆ ಕಾಲುಗಳ ಪರಿಚಯವಾಯಿತು. ಬೇಸರವಾದ ಕಾಲು ಕುಣಿಯುತ್ತದೆ, ಚಪ್ಪಲಿ ಕಳಚಿ ಮತ್ತೆ ಹುಡುಕುತ್ತದೆ, ಮುಂದಿನ ಕುರ್ಚಿಯನ್ನು ಮೆಲ್ಲಗೆ ಒದೆಯುತ್ತದೆ. ಕತೆಯೊಳಗೆ ಹೊಕ್ಕವರ ಕಾಲು, ಯಾರೋ ಮರೆತು ಹೋದ ಸಾಮಾನಿನ ಹಾಗೆ, ಇಟ್ಟಲ್ಲೇ ಇರುತ್ತದೆ.

ಅವರನ್ನು ಮಾಮ ಎಂದು ಮೊದಲು ಕರೆದವಳು ತಂಗಿಯ ಮಗಳು. ತಂಗಿ ದೂರದ ಊರಿನಲ್ಲಿ ಕೆಲಸಕ್ಕಿದ್ದಳು. ಮಗು ಇವರ ಎರಡು ಕೋಣೆಯ ಮನೆಯಲ್ಲಿ ಬೆಳೆಯಿತು. ಗಾತ್ರ ಚಿಕ್ಕದು, ಗೀರಿದರೆ ಉರಿ, ಹಾಗಾಗಿ ಮಾಮ ಅವಳನ್ನು ಪೊಟ್ಟಣ ಅನ್ನುತ್ತಿದ್ದರು, ಬೆಂಕಿಪೊಟ್ಟಣ. ಶಾಲೆ ಬಿಟ್ಟ ಮೇಲೆ ಅವಳು ಸೀದಾ ರಂಗಮಂದಿರಕ್ಕೆ ಬಂದು, "ಮಾಮ, ಹಸಿವು" ಎಂದು ಟಿಕೆಟ್ ಕಿಟಕಿಯಿಂದಲೇ ಕೂಗುತ್ತಿದ್ದಳು. ಕೇಳಿ ಕೇಳಿ ಮೇಕಪ್ಪಿನವರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಮಾಮನಾದರು. ಅವಳಿಗೆ ಹದಿಮೂರು ತುಂಬಿದ ವರ್ಷ ತಂಗಿಗೆ ಅಲ್ಲೇ ಒಂದು ಮನೆ ಸಿಕ್ಕಿತು, ಮಗಳನ್ನು ಕರೆದುಕೊಂಡು ಹೋದಳು. ಮಗಳು ತಾಯಿಯ ಹತ್ತಿರ ಹೋಗುವುದು ಸರಿಯೇ. ಮಾಮನೇ ಬಸ್ಸಿಗೆ ಪೆಟ್ಟಿಗೆ ಏರಿಸಿದರು. ಹಾಗೆ ಕರೆಯುತ್ತಿದ್ದವಳು ಹೋದಳು, ಹೆಸರು ಮಾತ್ರ ರಂಗಮಂದಿರದವರ ಬಾಯಲ್ಲಿ ಉಳಿಯಿತು.

ಈಗ ಭಾನುವಾರಕ್ಕೊಂದು ಫೋನು.

"ಊಟ ಆಯ್ತಾ ಪೊಟ್ಟಣ?"

"ಆಯ್ತು."

"ಶಾಲೆ ಹೇಗಿದೆ?"

"ಇದೆ."

ಆಮೇಲೆ ತಂಗಿ ಫೋನು ತಗೊಂಡು ನೀರು, ಬಾಡಿಗೆ, ಬೆನ್ನುನೋವು ಎಲ್ಲ ಹೇಳುತ್ತಿದ್ದಳು.

ಅದೇ ಹೊತ್ತಿಗೆ ನಿರ್ದೇಶಕಿ ಹದಿಹರೆಯದವರಿಗಾಗಿ ಒಂದು ಹೊಸ ಸಂಗೀತ ನಾಟಕದ ಕೆಲಸ ಹಿಡಿದಿದ್ದರು. ಮಾಮನಿಗಿಂತ ತುಂಬ ಚಿಕ್ಕವರು, ಕೆಲಸದಲ್ಲಿ ಬಿಗಿ. "ನಾಟಕ ಮಾಡಿ ಮುಗಿಸಿ ಆಮೇಲೆ ಮಕ್ಕಳು ಯಾಕೆ ಬರ್ಲಿಲ್ಲ ಅಂತ ತಲೆ ಚಚ್ಚಿಕೊಳ್ಳೋದು ಬೇಡ. ಮೊದಲೇ ಅವರನ್ನ ಕೇಳೋಣ" ಎಂದರು. ಶಾಲೆಗಳಿಗೆ ಪ್ರಶ್ನೆಗಳನ್ನು ಕಳಿಸಿದರು. ಎಲ್ಲರೂ 'ಒಳ್ಳೆಯ ಸಂದೇಶ ಇರಬೇಕು' ಎಂದು ಬರೆದುಕೊಟ್ಟರು, ಮೇಷ್ಟ್ರು ಅಂಕ ಹಾಕುತ್ತಾರೇನೋ ಎಂಬಂತೆ. ಗುಂಪಾಗಿ ಕೂರಿಸಿ ಮಾತಾಡಿಸಿದರು. ಮೊದಲು ಬಾಯಿ ಬಿಟ್ಟವರ ಉತ್ತರವೇ ನೀರಿನ ಬಾಟಲಿಯ ಹಾಗೆ ಕೈಯಿಂದ ಕೈಗೆ ಸುತ್ತು ಹೊಡೆಯಿತು. ಕೊನೆಗೆ, ಅರ್ಧಂಬರ್ಧ ಸಿದ್ಧವಾದ ಹಾಡುಗಳನ್ನೇ ಶಾಲಾ ಮಕ್ಕಳ ಮುಂದೆ ಹಾಡಿಸಿ ನೋಡುವುದೆಂದಾಯಿತು. ಹಾಡಾದ ಮೇಲೆ ಮಾತಾಡಿಸುವ ಕೆಲಸ ನಿರ್ದೇಶಕಿಯದು. ಹಾಡುವಾಗ ಕಾಲು ನೋಡುವ ಕೆಲಸ ಮಾಮನದು.

"ಕಾಲುಶಾಸ್ತ್ರಿಗಳ ಅಪ್ಪಣೆ ಇಲ್ದೆ ಇನ್ಮೇಲೆ ಒಂದು ಸಾಲೂ ಬರೆಯೋ ಹಾಗಿಲ್ಲ" ಎಂದು ಹಾಡು ಬರೆಯುವವನು ಚಹಾ ಕುಡಿಯುತ್ತ ಗೊಣಗಿದ.

"ಬರಿ, ಬರಿ. ನಿನ್ನ ಹಾಡಿಗೆ ಎಷ್ಟು ಚಪ್ಪಲಿ ಕಳಚುತ್ತವೆ ಅಂತ ಹೇಳ್ತೀನಿ" ಎಂದರು ಮಾಮ.

ನಾಟಕದ ಕತೆ ಸರಳ. ಒಬ್ಬ ಹುಡುಗಿ, ಸಾಕಿದ ಅಜ್ಜನನ್ನು ಬಿಟ್ಟು ಹೊಸ ಊರಿಗೆ ಹೋಗುತ್ತಾಳೆ, ಅಲ್ಲಿ ಗೆಳೆತನ, ಜಗಳ, ಕುಣಿತ. ನಡುವೆ ಒಂದೇ ಒಂದು ಮೆಲ್ಲನೆಯ ಹಾಡು, ಊರಲ್ಲಿ ಉಳಿದ ಅಜ್ಜ ಬಟ್ಟೆ ಒಣಹಾಕುತ್ತ ಹಾಡುವುದು:

ಅದೇ ಹಗ್ಗ, ಅದೇ ಬಿಸಿಲು,
ಬಟ್ಟೆ ಎರಡೇ ಎರಡು;
ಉಳಿದ ಹಗ್ಗದ ಮೇಲೆ ಗಾಳಿ
ಏನನ್ನ ಒಣಗಿಸಬೇಕು?

ಆ ಹಗ್ಗ ಮಾಮನ ಹಿತ್ತಲಿನದು. ಒಂದು ಸಲ ಚಹಾದ ಹೊತ್ತಿನಲ್ಲಿ, "ಅವಳು ಹೋದ ಮೇಲೆ ನಮ್ಮನೆ ಹಗ್ಗ ಉದ್ದ ಆಗಿಬಿಟ್ಟಿದೆ ಕಣಯ್ಯಾ" ಎಂದು ನಕ್ಕು ಹೇಳಿದ್ದರು. ಹಾಡು ಬರೆಯುವವನು ನಗದೆ ಲೋಟ ಕೆಳಗಿಟ್ಟಿದ್ದ. ಇದು ಅವರಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಸಂಗೀತ ಕೊಡುವವರಿಗೆ ಹಾಡು ಹಿಡಿಸಲಿಲ್ಲ. "ಕುಣಿಯೋ ಮಕ್ಕಳನ್ನ ಮಧ್ಯೆ ಹಿಡಿದು ಮಲಗಿಸ್ತೀರಾ?" ಎಂದರು. ನಿರ್ದೇಶಕಿ ಯಾರ ಕಡೆಗೂ ವಾಲಲಿಲ್ಲ. "ಮಕ್ಕಳ ಮುಂದೆ ಹಾಡಿಸೋಣ. ನಿಲ್ಲೋದಾದ್ರೆ ನಿಲ್ಲಲಿ."

ನಾಟಕ ಸಿದ್ಧವಾದರೆ ಊರೂರಿಗೆ ಹೋಗುತ್ತದೆ, ಪೊಟ್ಟಣ ಇರುವ ಊರಿಗೂ. ಫೋನಿನಲ್ಲಿ ಹೇಳಲು ಬಾರದ್ದನ್ನು ಅಲ್ಲಿ ಒಬ್ಬ ಅಜ್ಜ ರಾಗವಾಗಿ ಹೇಳುತ್ತಾನೆ. ಅವಳು ಕತ್ತಲಲ್ಲಿ ಕೂತು ಕೇಳುತ್ತಾಳೆ. ಮಾಮನಿಗೆ ಆ ಹಾಡು ಉಳಿಯಬೇಕಿತ್ತು. ಇಷ್ಟು ವರ್ಷದಲ್ಲಿ ಯಾವ ನಾಟಕದ ಯಾವ ಹಾಡಿನ ಮೇಲೂ ಅವರು ಇಂಥ ಆಸೆ ಇಟ್ಟುಕೊಂಡಿರಲಿಲ್ಲ.

ಆ ಮಧ್ಯಾಹ್ನ ಮಕ್ಕಳು ಶಾಲೆಯಿಂದ ನೇರ ಬಂದರು, ಬ್ಯಾಗುಗಳನ್ನು ಹೊರಗಿನ ಹಜಾರದಲ್ಲಿ ಗುಡ್ಡೆ ಹಾಕಿ ಒಳಗೆ ಕೂತರು. ಮೊದಲ ಹಾಡುಗಳಿಗೆ ಕಾಲುಗಳು ತಾಳ ಹಾಕಿದವು, ಕೆಲವು ತಾಳ ಬಿಟ್ಟು ಸುಮ್ಮನೆ ಕುಣಿದವು. ಆಮೇಲೆ ವಾದ್ಯದವರು ಶ್ರುತಿ ಸರಿ ಮಾಡಿಕೊಳ್ಳುವಾಗ ಸ್ವಲ್ಪ ಗದ್ದಲ, ಆಮೇಲೆ ಹಗ್ಗದ ಹಾಡು.

ಕಾಲುಗಳು ನಿಂತಿದ್ದವು. ಒಂದು ಸಾಲಲ್ಲ, ಎರಡು ಸಾಲಲ್ಲ, ಪುಟ್ಟ ದೀಪಗಳ ಬೆಳಕು ಹೋಗುವಷ್ಟು ದೂರಕ್ಕೂ ಒಂದು ಶೂ ಅಲುಗಲಿಲ್ಲ. ಮಾಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಗಲೂ ಹಾಗೇ ಇದ್ದವು.

"ನಿಂತವು ಮೇಡಂ" ಎಂದರು, ನಿರ್ದೇಶಕಿ ಕೇಳುವ ಮೊದಲೇ. ಬಸ್ಸು ಬಂದಿದ್ದರಿಂದ ಅಂದು ಮಕ್ಕಳನ್ನು ಮಾತಾಡಿಸಲು ಆಗಲಿಲ್ಲ. ಮಾಮನ ಮಾತೇ ಆಧಾರವಾಗಿ ಹಾಡು ಉಳಿಯಿತು. ಮೊದಲರ್ಧ ಅದರಿಂದಲೇ ಮುಗಿಯಲಿ ಎಂದೂ ತೀರ್ಮಾನವಾಯಿತು.

ಭಾನುವಾರದ ತನಕ ಕಾಯಲಾಗದೆ ಮಾಮ ಅಂದು ಸಂಜೆಯೇ ಫೋನು ಮಾಡಿದರು. ಹಗ್ಗದ ವಿಷಯ ಬಿಟ್ಟು ಉಳಿದೆಲ್ಲ ಹೇಳಿದರು: ಒಂದು ಮೆಲ್ಲನೆ ಹಾಡು ಇತ್ತು, ಸಂಗೀತದವರು ಬೇಡ ಅಂದಿದ್ದರು, ಅದೇ ಗೆದ್ದಿತು. ಅವಳು "ಹೂಂ" ಅನ್ನುತ್ತಿದ್ದಳು. ನಗಿಸೋಣವೆಂದು ಮಾಮ ಸೇರಿಸಿದರು: "ಶಾಲೆ ಬಸ್ಸು ಬೇಗ ಬರುತ್ತೆ ಅಂತ ನಮ್ಮ ಬಾಗಿಲು ಕಾಯೋನು ಮಧ್ಯದಲ್ಲೇ ಬ್ಯಾಗ್ ಎಲ್ಲ ಒಳಗೆ ಸಾಗಿಸಿಬಿಟ್ಟ. ಮನೆ ಕಟ್ಟೋವಾಗ ಇಟ್ಟಿಗೆ ದಾಟಿಸ್ತಾರಲ್ಲ, ಹಾಗೆ, ಕೈಯಿಂದ ಕೈಗೆ."

"ಮಧ್ಯದಲ್ಲಿ ಅಂದ್ರೆ ಯಾವಾಗ?"

"ಆ ಹಾಡಿಗೆ ಸ್ವಲ್ಪ ಮೊದಲು."

"ಬ್ಯಾಗ್ ಎಲ್ಲಿಟ್ಟುಕೊಂಡ್ರು ಮಾಮ?"

"ಎಲ್ಲಿ ಅಂದ್ರೆ? ಕೆಳಗೆ."

"ಕಾಲು ಮಧ್ಯೆ ತಾನೆ? ಅಲ್ಲಿ ಬಿಟ್ಟರೆ ಇನ್ನೆಲ್ಲಿ ಜಾಗ ಇದೆ? ಮೆಟ್ಟಿಲ ಮೇಲೆ ಬ್ಯಾಗ್ ಉರುಳಬಾರದು ಅಂತ ಗಟ್ಟಿ ಹಿಡ್ಕೊಂಡೇ ಕೂರಬೇಕು. ಕಾಲು ಅಲ್ಲಾಡಿಸೋಕೆ ಎಲ್ಲಾಗುತ್ತೆ? ನಾನು ಬಸ್ಸಲ್ಲಿ ಹಾಗೇ ಕೂರ್ತಿದ್ದೆನಲ್ಲ. ನೀನೇ ಹೇಳಿಕೊಟ್ಟಿದ್ದು. ಮರೆತುಬಿಟ್ಯಾ?"

ಮರೆತಿರಲಿಲ್ಲ. ಅವಳ ಎತ್ತರಕ್ಕೆ ತಕ್ಕಂತೆ ಗೋಡೆಗೆ ಹೊಡೆದ, ಬ್ಯಾಗು ತೂಗುಹಾಕುವ ಮೊಳೆ ಈಗಲೂ ಮಾಮನ ಸೊಂಟಕ್ಕೆ ಆಗಾಗ ತಗಲುತ್ತಿತ್ತು. ಆ ಮಧ್ಯಾಹ್ನ ಬ್ಯಾಗುಗಳೂ ಕಣ್ಣಿಗೆ ಬಿದ್ದಿದ್ದವು. ಆದರೆ ನೋಡಬೇಕೆಂದುಕೊಂಡದ್ದನ್ನಷ್ಟೇ ಅವರು ನೋಡಿದ್ದರು.

"ಹಲೋ, ಮಾಮ? ಇದ್ದೀಯಾ?"

"ಇದ್ದೀನಿ. ನೀನು ಇಷ್ಟು ಮಾತಾಡಿ ಎಷ್ಟು ದಿನ ಆಯ್ತು ಅಂತ ನೋಡ್ತಿದ್ದೆ."

ಅವಳು ನಕ್ಕ ಹಾಗಾಯಿತು. ಅಷ್ಟರಲ್ಲಿ ಅಮ್ಮ ಕರೆದಳೆಂದು ಇಟ್ಟುಬಿಟ್ಟಳು.

ಮಾಮ ಸುಮ್ಮನಿದ್ದಿದ್ದರೆ ಹಾಡು ಉಳಿಯುತ್ತಿತ್ತು. ಬೆಳಿಗ್ಗೆ ಹಿತ್ತಲಲ್ಲಿ ಅಂಗಿ ಹಿಂಡಿ ಹರವುವಾಗ ಅವರು ಅದನ್ನು ಯೋಚಿಸಲಿಲ್ಲ ಎಂದೇನೂ ಅಲ್ಲ. ಅಂಗಿಯನ್ನು ಹಗ್ಗದ ನಟ್ಟನಡುವೆ ಹಾಕಿದರು, ಎರಡು ಕಡೆಯೂ ಸಮನಾಗಿ ಖಾಲಿ ಕಾಣಲಿ ಎಂಬಂತೆ. ಆಮೇಲೆ ರಂಗಮಂದಿರಕ್ಕೆ ಹೋಗಿ ನಿರ್ದೇಶಕಿಯ ಬಾಗಿಲು ತಟ್ಟಿದರು.

"ಮೇಡಂ, ಕಾಲು ನಿಂತದ್ದು ಹಾಡಿಗಲ್ಲ. ಬ್ಯಾಗಿಗೆ."

ನಿರ್ದೇಶಕಿ ಪೂರ್ತಿ ಕೇಳಿದರು. ಮೊದಲು ನಗು ಬಂತು, ಆಮೇಲೆ ಮಾಮನ ಮುಖ ನೋಡಿ ನಿಂತಿತು. "ನಾನೂ ಅವರನ್ನ ಮಾತಾಡಿಸದೆ ಕಳಿಸಿದೆ ಮಾಮ. ಕೂರಿ. ಇನ್ನೊಂದು ಸಲ ಮಾಡೋಣ."

ಎರಡನೇ ಸಲ ಬೇರೆ ಶಾಲೆಯ ಮಕ್ಕಳು ಬಂದರು, ಬ್ಯಾಗು ಕೊನೆಯವರೆಗೂ ಹೊರಗೇ ಉಳಿಯಿತು. ಹಗ್ಗದ ಹಾಡಿನ ಎರಡನೇ ಸಾಲಿಗೆ ಒಂದು ಕಾಲು ಕುಣಿಯತೊಡಗಿತು, ಆಮೇಲೆ ಪಕ್ಕದ್ದು. ಹಾಡು ಮುಗಿಯುವ ಹೊತ್ತಿಗೆ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಇಡೀ ಸಾಲೇ ಅಲುಗುತ್ತಿತ್ತು. ಮಾಮ ಕಣ್ಣು ತೆಗೆಯದೆ ಎಲ್ಲವನ್ನೂ ನೋಡಿದರು.

ಹಾಡಾದ ಮೇಲೆ ನಿರ್ದೇಶಕಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಉದ್ದ ಜಡೆಯ ಒಬ್ಬಳು ಯೋಚಿಸಿ ಹೇಳಿದಳು: "ಆ ಅಜ್ಜ ಬಟ್ಟೆಗೆ, ಗಾಳಿಗೆ ಎಲ್ಲ ಹೇಳ್ತಾನಲ್ಲ ಮಿಸ್. ಅವಳಿಗೇ ಯಾಕೆ ಹೇಳಲ್ಲ? ಫೋನ್ ಇದೆಯಲ್ಲ. ನಮಗೆ ಯಾರೂ ಏನೂ ಹೇಳಲ್ಲ, ಆಮೇಲೆ ನಾವೇ ಮಾತಾಡಲ್ಲ ಅಂತಾರೆ."

ಹಾಡು ಹೋಯಿತು. ಆ ಜಾಗಕ್ಕೆ ಅಜ್ಜ ಮೊಮ್ಮಗಳಿಗೆ ಫೋನು ಮಾಡುವ ಸಣ್ಣ ದೃಶ್ಯ ಬಂತು, ಸಂಗೀತವಿಲ್ಲದ್ದು. ಹಾಡು ಬರೆಯುವವನು ಮಾಮನ ಹೆಗಲ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಚಹಾ ಮುಂದೆ ಸರಿಸಿದ.

ಭಾನುವಾರ ಬಂತು. ಊಟ ಆಯಿತೇ ಎಂದು ಕೇಳಿಯಾಯಿತು. ಶಾಲೆ ಇದೆ ಎಂದೂ ಗೊತ್ತಾಯಿತು. ಆಮೇಲೆ ಎಂದಿನ ಹಾಗೆ ಮಾತು ಖಾಲಿಯಾಗಿ, ಆ ತುದಿಯಲ್ಲಿ ಅವಳ ಹಿಮ್ಮಡಿ ಕುರ್ಚಿಯ ಕಾಲಿಗೆ ತಗಲುವ ಸದ್ದು ಮಾತ್ರ ಉಳಿಯಿತು. ಟಕ್, ಟಕ್. ಇದು ಪ್ರತಿ ವಾರವೂ ಇರುತ್ತಿತ್ತು. ಕುಣಿಯುವ ಕಾಲು ಏನು ಹೇಳುತ್ತದೆಂದು ಮಾಮನಿಗೆ ಗೊತ್ತಿತ್ತು, ಹಾಗಾಗಿ ಅವರೇ ಬೇಗ "ಅಮ್ಮನಿಗೆ ಕೊಡು" ಎಂದುಬಿಡುತ್ತಿದ್ದರು.

ಈ ಸಲ ಹಾಗೆ ಅನ್ನಲಿಲ್ಲ.

"ಪೊಟ್ಟಣ, ಒಂದು ಮಾತು. ನೀನು ಹೋದ ಮೇಲೆ ಹಿತ್ತಲ ಹಗ್ಗ ಉದ್ದ ಆಗಿದೆ. ನನ್ನ ಎರಡು ಅಂಗಿ ಎಲ್ಲಿ ಹಾಕಿದರೂ ಸರಿ ಕಾಣಲ್ಲ. ಕತ್ತರಿಸೋಣ ಅಂದ್ರೆ ಮನಸ್ಸು ಬರಲ್ಲ."

ಟಕ್ ಟಕ್ ನಿಂತಿತು.

ಮಾಮ ಕಾದರು. ಕಾಲು ಯಾಕೆ ನಿಂತಿತೋ, ಫೋನಿನಲ್ಲಿ ಕಾಣುವುದಿಲ್ಲ. ಈಗ ಊಹಿಸುವ ಧೈರ್ಯ ಅವರಿಗಿರಲಿಲ್ಲ.

"ಕಾಲ ಹತ್ತಿರ ಬ್ಯಾಗ್ ಇದೆಯಾ?" ಎಂದು ಕೇಳಿದರು.

"ಇಲ್ಲ ಮಾಮ," ಎಂದಳು ಅವಳು, ದನಿ ಸ್ವಲ್ಪ ಒಡೆದಿತ್ತು. "ಬ್ಯಾಗ್ ಒಳಗೆ ಕೋಣೆಯಲ್ಲಿದೆ."